ಕಾಯುವ ಬೆಳೆ, ಕಾಯದ ಬೆಳೆ: ಶನಿವಾರಸಂತೆ ಬಳಿಯ ಒಂದು ಮನೆಯ ಬೇಸಿಗೆ

ಕೊಡಗು ಅಂದ ತಕ್ಷಣ ಹೊರಗಿನವರಿಗೆ ನೆನಪಾಗುವುದು ಕಾಫಿ, ಕಿತ್ತಳೆ, ಕಾಳುಮೆಣಸು. ಜಿಲ್ಲೆಯ ಉತ್ತರಕ್ಕೆ, ಶನಿವಾರಸಂತೆ ಮತ್ತು ಕೊಡ್ಲಿಪೇಟೆ ಕಡೆಗೆ ಬೇಸಿಗೆಯಲ್ಲಿ ಬಂದರೆ ಬೇರೆಯದೇ ಕೊಡಗು ಸಿಗುತ್ತದೆ. ಭತ್ತ ಕೊಯ್ದ ಗದ್ದೆಗಳಲ್ಲಿ ಹಸಿಮೆಣಸಿನಕಾಯಿ, ಬೀನ್ಸ್, ಗೆಣಸು. ದಿಣ್ಣೆ ಜಾಗದಲ್ಲಿ ಶುಂಠಿ. ಮಳೆಗಾಲಕ್ಕೆ ಮುಂಚೆ ಅದೇ ಗದ್ದೆಯಿಂದ ಇನ್ನೊಂದಿಷ್ಟು ದುಡ್ಡು ಕಾಣಿಸುವ ಬೆಳೆ ಇದು. ಎಷ್ಟೋ ಮನೆಗಳಲ್ಲಿ ಮಕ್ಕಳ ಕಾಲೇಜು ಫೀಸು ಬರುವುದು ಇದರಿಂದಲೇ.

ನಾನು ಬರೆಯುತ್ತಿರುವುದು ಅಂಥ ಒಂದು ಮನೆಯ ಬಗ್ಗೆ. ಅದು ನನ್ನ ಅಕ್ಕನ ಮನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಹಾಕಿಲ್ಲ. ಒಂದೇ ಕೊಯ್ಲಿನ ಕಾಲದಲ್ಲಿ ಆ ಮನೆಗೆ ಎರಡು ಪೆಟ್ಟು ಬಿತ್ತು. ಮೊದಲು ಬಾವ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅವರು ಹಾಸಿಗೆಯಲ್ಲಿರುವಾಗಲೇ ಅವರ ತಾಯಿ ತೀರಿಕೊಂಡರು. ಗದ್ದೆಯಲ್ಲಿ ಬೆಳೆ ಕೊಯ್ಲಿಗೆ ಬಂದು ನಿಂತಿತ್ತು. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಮಾತು ಒಂದೇ, ಧೈರ್ಯವಾಗಿ ದುಡೀರಿ ಅಂತ. ಆ ಮನೆ ಉಳಿದುಕೊಂಡಿದ್ದು ಯಾವುದನ್ನು ಬಿಡಬೇಕು ಅಂತ ಬೇಗ ತೀರ್ಮಾನ ಮಾಡಿದ್ದಕ್ಕೆ. ಇದು ಬೇರೆ ತರಕಾರಿ ಬೆಳೆಗಾರರಿಗೂ ತಿಳಿಯಬೇಕು ಅಂತ ನನಗೆ ಬಲವಾಗಿ ಅನ್ನಿಸಿದೆ.

ಯಾರ ಕೈಯಲ್ಲಿ ಏನಿತ್ತು

ಮನೆಯಲ್ಲಿ ಐದು ಜನ. ಅಕ್ಕ, ಬಾವ, ಬಾವನ ತಾಯಿ, ಹಾಸನದಲ್ಲಿ ಓದುವ ಮಗ, ಹೈಸ್ಕೂಲಿನ ಮಗಳು. ಮೂರು ತುಂಡು ಗದ್ದೆ. ಒಂದು ಮನೆಗೂ ಬೋರ್‌ವೆಲ್‌ಗೂ ಹತ್ತಿರ. ಇನ್ನೊಂದು ಹಳ್ಳದ ಆಚೆ. ಮೂರನೆಯದು ಕಾಡಿನ ಅಂಚಿಗೆ. ಮೂರರಲ್ಲೂ ಮೆಣಸಿನಕಾಯಿ ಇತ್ತು. ಹಳ್ಳದ ಆಚೆಯ ಗದ್ದೆಯಲ್ಲಿ ಅರ್ಧ ಬೀನ್ಸ್. ಕಾಡಂಚಿನದರಲ್ಲಿ ಒಂದಿಷ್ಟು ಗೆಣಸು. ಬೇಲಿಯ ಮೇಲೆ ಬೂದುಗುಂಬಳ. ದಿಣ್ಣೆಯಲ್ಲಿ ಶುಂಠಿಗೆ ಏರು ಮಡಿ ಮಾಡಿ ಆಗಿತ್ತು, ಬಿತ್ತನೆ ಶುಂಠಿ ಕೊಟ್ಟಿಗೆಯಲ್ಲಿ ಇತ್ತು, ಇನ್ನೂ ನೆಟ್ಟಿರಲಿಲ್ಲ.

ಕೆಲಸ ಹಂಚಿಕೊಂಡ ರೀತಿ ನಮ್ಮ ಕಡೆಯ ಎಲ್ಲ ಮನೆಗಳ ಹಾಗೇ. ನೀರು, ಔಷಧಿ, ಗೊಬ್ಬರ, ಮಾರ್ಕೆಟ್ಟು, ಸೊಸೈಟಿ ಸಾಲ ಬಾವನದು. ಕೊಯ್ಲು, ಕಳೆ, ದನ, ಆಳುಗಳ ಊಟ ಅಕ್ಕನದು. ಅತ್ತೆಯ ಕೆಲಸ ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಅಡುಗೆ ಅರ್ಧ ಅವರದೇ. ಕೊಯ್ದು ತಂದ ಮೆಣಸಿನಕಾಯಿಯನ್ನು ಸಂಜೆ ಜಗಲಿಯಲ್ಲಿ ಹರಡಿ, ಹಣ್ಣಾದದ್ದು, ತೊಟ್ಟು ಬಿಟ್ಟದ್ದು, ಹುಳ ಹಿಡಿದದ್ದು ಬೇರೆ ಮಾಡುತ್ತಿದ್ದುದು ಅವರೇ. ಆ ಮನೆಯ ಕಾಯಿಗೆ ಸಂತೆಯಲ್ಲಿ ಒಳ್ಳೆ ಹೆಸರು ಇದ್ದದ್ದು ಅವರ ಕೈಯಿಂದ ಅಂತ ಗೊತ್ತಾಗಿದ್ದು ಅವರು ಹೋದ ಮೇಲೆ.

ಮೊದಲ ಪೆಟ್ಟು

ಏಪ್ರಿಲ್ ಶುರು. ಕಾಳುಮೆಣಸಿನ ಕೊಯ್ಲು ಮುಗಿಯುತ್ತಾ ಬಂದಿತ್ತು. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿ ಜಾರಿ ಬಾವ ಕೆಳಗೆ ಬಿದ್ದರು. ಕೊಡಗಿನಲ್ಲಿ ಪ್ರತಿ ವರ್ಷ ಮೆಣಸು ಕೊಯ್ಯುವಾಗ ಇಂಥದ್ದು ಕೇಳುತ್ತೇವೆ. ದೊಡ್ಡ ಪೆಟ್ಟು ಅಂದರೆ ನಮ್ಮವರು ಮೈಸೂರಿಗೋ ಮಂಗಳೂರಿಗೋ ಓಡಬೇಕು. ಕೊಡ್ಲಿಪೇಟೆ ಕಡೆಯವರಿಗೆ ಹಾಸನ ಹತ್ತಿರ. ಅಲ್ಲಿನ ಒಂದು ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಮಾಡಿ ರಾಡ್ ಹಾಕಿದರು. ತಿಂಗಳುಗಟ್ಟಲೆ ಭಾರ ಹೊರುವ ಹಾಗಿಲ್ಲ ಅಂದರು.

ಆಸ್ಪತ್ರೆಯಲ್ಲಿ ಯಾರು ಇರಬೇಕು ಅನ್ನುವುದೇ ಮೊದಲ ಪ್ರಶ್ನೆ. ಮಗ ಹಾಸನದಲ್ಲೇ ಇದ್ದ. ಅವನು ಇರಲಿ, ನಾನು ಮನೆಗೆ ಹೋಗುತ್ತೇನೆ ಅಂದಳು ಅಕ್ಕ. ಆಪರೇಷನ್ ಆದ ಮರುದಿನವೇ ಬಸ್ಸು ಹತ್ತಿದಳು. ಗಂಡ ಆಸ್ಪತ್ರೆಯಲ್ಲಿ, ಇವಳು ಗದ್ದೆಯಲ್ಲಿ ಅಂತ ಮಾತಾಡಿದವರು ಇದ್ದರು. ನನಗೆ ಆ ಮಾತು ಈಗಲೂ ನೋಯಿಸುತ್ತದೆ. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕೂತಿದ್ದರೆ ಬಾವನ ಮೂಳೆ ಬೇಗ ಕೂಡುತ್ತಿರಲಿಲ್ಲ. ಗದ್ದೆಯಲ್ಲಿ ಅವಳ ಬದಲು ನಿಲ್ಲುವವರು ಬೇರೆ ಯಾರೂ ಇರಲಿಲ್ಲ.

ಅವತ್ತು ರಾತ್ರಿ ಅಕ್ಕ, ಮಗಳು, ಅತ್ತೆ ಮೂರೂ ಜನ ಕೂತು ಒಂದು ಕೆಲಸ ಮಾಡಿದರು. ಇಡೀ ಬೇಸಿಗೆಯಲ್ಲಿ ಅತಿ ಮುಖ್ಯವಾದದ್ದು ಅದೇ ಅಂತ ನನ್ನ ಅಭಿಪ್ರಾಯ. ಯಾವ ಬೆಳೆ ಎಷ್ಟು ದಿನ ಕಾಯುತ್ತದೆ ಅಂತ ಮಾತಾಡಿಕೊಂಡರು.

ಬೀನ್ಸ್ ಕಾಯುವುದೇ ಇಲ್ಲ. ಎರಡು ಮೂರು ದಿನಕ್ಕೊಮ್ಮೆ ಬಿಡಿಸಬೇಕು. ಬಿಟ್ಟರೆ ಕಾಳು ಉಬ್ಬಿ ಸಿಪ್ಪೆ ನಾರಾಗುತ್ತದೆ, ಗಿಡ ಹೂ ಬಿಡುವುದನ್ನೂ ನಿಲ್ಲಿಸುತ್ತದೆ. ಹಸಿಮೆಣಸಿನಕಾಯಿ ಒಂದು ವಾರ, ಹತ್ತು ದಿನ ಕಾಯುತ್ತದೆ. ಆಮೇಲೆ ಕೆಂಪಾಗಲು ಶುರು. ಕೆಂಪು ಬೆರೆತ ಮೂಟೆಗೆ ಹಸಿಕಾಯಿಯ ರೇಟು ಸಿಗುವುದಿಲ್ಲ. ಹಣ್ಣು ಹೊತ್ತು ನಿಂತ ಗಿಡದ ಶಕ್ತಿಯೆಲ್ಲ ಆ ಹಣ್ಣಿಗೇ ಹೋಗುತ್ತದೆ, ಹೊಸ ಹೂ ಕಮ್ಮಿಯಾಗುತ್ತದೆ. ಅಂದರೆ ಒಂದು ಕೊಯ್ಲು ತಪ್ಪಿದರೆ ಮುಂದಿನದಕ್ಕೂ ಏಟು. ಗೆಣಸು ಮಣ್ಣಿನೊಳಗೆ ಕೆಲವು ವಾರ ಕಾಯುತ್ತದೆ. ಬೂದುಗುಂಬಳ ಬಲಿತು ಮೇಲೆ ಬೂದಿ ಹಿಡಿದಿದ್ದರೆ ಕೊಯ್ದು ಅಟ್ಟದಲ್ಲಿಟ್ಟು ಮರೆತುಬಿಡಬಹುದು, ತಿಂಗಳುಗಟ್ಟಲೆ ಇರುತ್ತದೆ.

ಈ ಲೆಕ್ಕ ಆ ಮೂವರಿಗೂ ಹೊಸದಲ್ಲ. ತರಕಾರಿ ಮನೆಯಲ್ಲಿ ಹುಟ್ಟಿ ಬೆಳೆದವರಿಗೆ ಗೊತ್ತಿರುವುದೇ. ಆದರೆ ಕಷ್ಟ ಬಂದಾಗ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಕಣ್ಣಿಗೆ ಮೊದಲು ಬಿದ್ದ ಕೆಲಸಕ್ಕೆ ಕೈ ಹಾಕುತ್ತೇವೆ. ಎಲ್ಲವನ್ನೂ ಅರ್ಧರ್ಧ ಮಾಡಿ, ಯಾವುದೂ ಪೂರ್ತಿ ಸಿಗದೆ ಸುಸ್ತಾಗುತ್ತೇವೆ. ಅಕ್ಕ ಇದ್ದ ಕೈಗಳನ್ನೆಲ್ಲ ಮೆಣಸಿನಕಾಯಿಗೆ ಹಾಕಿದಳು. ಗೆಣಸನ್ನು ಮಣ್ಣಲ್ಲೇ ಬಿಟ್ಟಳು. ಬೀನ್ಸನ್ನು ಪಾಲಿಗೆ ಕೊಟ್ಟಳು.

ಬೀನ್ಸಿನ ಪಾಲು ಮನೆಯಲ್ಲಿ ಜಗಳಕ್ಕೇ ಕಾರಣವಾಯಿತು. ಊರಿನ ಒಬ್ಬ ಗಂಡ ಹೆಂಡತಿಗೆ ಬೇಸಿಗೆಯಲ್ಲಿ ಬೆಳೆ ಇರಲಿಲ್ಲ. ಅವರೇ ಬಿಡಿಸಿ, ಅವರೇ ಸಂತೆಗೆ ಸಾಗಿಸಿ, ಬಂದದ್ದರಲ್ಲಿ ಅರ್ಧ ಕೊಡುವುದು ಅಂತ ಮಾತಾಯಿತು. ಬಿತ್ತಿ, ನೀರು ಕಟ್ಟಿ, ಔಷಧಿ ಹೊಡೆದವರು ನಾವು, ಅರ್ಧ ಅವರಿಗಾ ಅಂತ ಬಾವ ಆಸ್ಪತ್ರೆಯಿಂದಲೇ ಫೋನಿನಲ್ಲಿ ರೇಗಿದರು. ಅವರ ಸಂಕಟ ಅರ್ಥವಾಗುತ್ತದೆ. ಆದರೂ ಲೆಕ್ಕ ಅಕ್ಕನ ಕಡೆಗೇ ಇತ್ತು. ಬೀನ್ಸಿನಲ್ಲಿ ದೊಡ್ಡ ಖರ್ಚು ಅಂದರೆ ಬಿಡಿಸುವ ಕೂಲಿ. ಅದರ ಮೇಲೆ ಗಾಡಿ ಬಾಡಿಗೆ, ಚೀಲ, ಮಾರ್ಕೆಟ್ಟಿಗೆ ಹೋಗುವವರ ಒಂದು ದಿನ. ಇಷ್ಟೂ ಕಳೆದ ಮೇಲೆ ಒಳ್ಳೆ ವರ್ಷದಲ್ಲೂ ಕೈಯಲ್ಲಿ ಉಳಿಯುವುದು ಅರ್ಧಕ್ಕಿಂತ ತುಂಬಾ ಜಾಸ್ತಿ ಏನಲ್ಲ. ಆ ಅರ್ಧವೂ ಈಗ ಅಕ್ಕನ ಒಂದು ಗಂಟೆಯನ್ನೂ ಕೇಳದೆ ಬಂತು.

ಒಬ್ಬರ ತಲೆಯಲ್ಲಿದ್ದ ಲೆಕ್ಕ

ಮೆಣಸಿನಕಾಯಿ ಕೊಯ್ಲಿಗೆ ಆಳು ಹೊಂದಿಸುವುದು ಕಷ್ಟ ಆಗಲಿಲ್ಲ. ನಮ್ಮ ಕಡೆ ಮುಯ್ಯಾಳು ಇನ್ನೂ ಉಳಿದಿದೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಹಿಂದಿನ ವಾರಗಳಲ್ಲಿ ಅಕ್ಕ ಬೇರೆಯವರ ಕೊಯ್ಲಿಗೆ ಹೋಗಿದ್ದಳು, ಆ ಆಳುಗಳು ಬರಬೇಕಿತ್ತು, ಬಂದರು. ಅದು ಮುಗಿದ ಮೇಲೂ ಬಂದರು. ವಾಪಸ್ ಕೊಡುವುದು ಹೇಗೆ ಅಂತ ಅಕ್ಕ ಕೇಳಿದ್ದಕ್ಕೆ, ಜುಲೈನಲ್ಲಿ ನಾಟಿಗೆ ಮಕ್ಕಳನ್ನು ಕಳಿಸು ಅಂದರು. ಇದನ್ನು ಸುಮ್ನೆ ದೊಡ್ಡ ಮನಸ್ಸು ಅಂತ ಹೊಗಳಿ ಬಿಡಬಾರದು. ಮುಯ್ಯಿ ಅಂದರೆ ಸಾಲ. ಅದಕ್ಕೆ ಮರ್ಯಾದೆ ಇದೆ. ಬೇಡಿದ ಹಾಗೆ ಆಗದೆ ಸಹಾಯ ಪಡೆಯಲು ಅಕ್ಕನಿಗೆ ಸಾಧ್ಯವಾದದ್ದು ಅದರಿಂದಲೇ. ನಾಟಿ ಹೊತ್ತಿಗೆ ಮಗನೂ ಮಗಳೂ ಹೋಗಿ ಆ ಆಳನ್ನೆಲ್ಲ ತೀರಿಸಿದರು.

ನಿಜವಾದ ತೊಂದರೆ ಬಂದದ್ದು ಬೇರೆ ಕಡೆಯಿಂದ. ಕೊಯ್ಲಿನ ಹಿಂದಿನ ಸಂಜೆ ಬಂದವರಲ್ಲಿ ಒಬ್ಬರು ಕೇಳಿದರು, ಔಷಧಿ ಹೊಡೆದು ಎಷ್ಟು ದಿನ ಆಯ್ತು? ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಡೆ ಮೆಣಸಿನಕಾಯಿಗೆ ಮುಟುರು ದೊಡ್ಡ ಕಾಟ. ಥ್ರಿಪ್ಸು ಮತ್ತು ನುಸಿ ಅನ್ನುವ ಸಣ್ಣ ಹುಳಗಳು ರಸ ಹೀರಿ ಎಲೆ ಮುದುಡುತ್ತದೆ. ಅದಕ್ಕೆ ಆಗಾಗ ಹೊಡೆಯುತ್ತಾರೆ. ಪ್ರತಿ ಔಷಧಿಯ ಜೊತೆಗೂ ಒಂದು ಚೀಟಿ ಬರುತ್ತದೆ. ಹೊಡೆದ ಮೇಲೆ ಕೊಯ್ಲಿಗೆ ಎಷ್ಟು ದಿನ ಬಿಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಕೆಲವಕ್ಕೆ ಕಮ್ಮಿ, ಕೆಲವಕ್ಕೆ ಜಾಸ್ತಿ. ಡಬ್ಬದ ಮೇಲಿನ ಬಣ್ಣದ ಗುರುತು ವಿಷ ಎಷ್ಟು ಅಂತ ಹೇಳುತ್ತದೆ. ಕೆಂಪು ಅಂದರೆ ಅತಿ ಜಾಸ್ತಿ, ಆಮೇಲೆ ಹಳದಿ, ನೀಲಿ, ಹಸಿರು.

ಬಾವ ಆಪರೇಷನ್ ಆದ ಮಂಪರಿನಲ್ಲಿದ್ದರು, ಸರಿಯಾಗಿ ಹೇಳಲಾಗಲಿಲ್ಲ. ಮಗಳು ಕೊಟ್ಟಿಗೆಯಲ್ಲಿ ಖಾಲಿ ಡಬ್ಬ ಹುಡುಕಿದಳು. ಬಾವನ ಅಂಗಿ ಜೇಬಿನಲ್ಲಿ ಅಂಗಡಿ ಬಿಲ್ಲು ಸಿಕ್ಕಿತು. ಬಿಲ್ಲಿನ ತಾರೀಖು, ಡಬ್ಬದ ಚೀಟಿ ಎರಡನ್ನೂ ಇಟ್ಟು ನೋಡಿದರೆ ಹಳ್ಳದ ಆಚೆಯ ಗದ್ದೆಗೆ ಕಮ್ಮಿ ಅಂದರೂ ಇನ್ನೂ ಎರಡು ದಿನ ಬೇಕಿತ್ತು. ಅಲ್ಲಿ ಕೊಯ್ಯಲಿಲ್ಲ. ಆಳು ಬಂದಿದ್ದಾರೆ, ರೇಟು ಇದೆ, ಕೊಯ್ದುಬಿಡೋಣ ಅನ್ನುವ ಒತ್ತಡ ಎಷ್ಟಿರುತ್ತದೆ ಅಂತ ಬೆಳೆಗಾರರಿಗೆ ಗೊತ್ತು. ಅವರು ಅದಕ್ಕೆ ಮಣಿಯಲಿಲ್ಲ ಅನ್ನುವುದು ನನಗೆ ಹೆಮ್ಮೆ. ಆ ಕಾಯಿ ತಿನ್ನುವವರೂ ಯಾರದೋ ಮನೆಯ ಮಕ್ಕಳು ಅಲ್ವಾ.

ಅವತ್ತಿನಿಂದ ಮಗಳು ಬರೆಯಲು ಶುರು ಮಾಡಿದಳು. ಬಾವ ಸ್ವಲ್ಪ ಸುಧಾರಿಸಿದ ಮೇಲೆ ಸಂಜೆ ಫೋನ್ ಮಾಡಿ ಒಂದೊಂದೇ ಹೇಳಿದರು. ಯಾವ ವಾಲ್ವ್ ಯಾವ ಗದ್ದೆಗೆ. ತ್ರೀ ಫೇಸ್ ಕರೆಂಟು ಯಾವ ಪಾಳಿಯಲ್ಲಿ ಬರುತ್ತದೆ. ಹೂ ಬಿಟ್ಟಿರುವಾಗ ಮಣ್ಣು ಒಣಗಿದರೆ ಹೂ ಉದುರುತ್ತದೆ, ಹಾಗಂತ ಬುಡದಲ್ಲಿ ನೀರು ನಿಲ್ಲಲು ಬಿಟ್ಟರೆ ಬೇರು ಕೊಳೆಯುತ್ತದೆ. ಯಾವ ವ್ಯಾಪಾರಿ ತೂಕದಲ್ಲಿ ಸರಿ. ಯಾರಿಗೆ ಎಷ್ಟು ಬಾಕಿ. ಇಪ್ಪತ್ತು ವರ್ಷದ ಬೇಸಾಯ ಒಬ್ಬರ ತಲೆಯಲ್ಲಿ ಮಾತ್ರ ಇತ್ತು. ಅವರು ಬಿದ್ದಾಗ ತಲೆಗೆ ಪೆಟ್ಟಾಗಿದ್ದರೆ? ಆ ಯೋಚನೆ ಬಂದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಮಾರ್ಕೆಟ್ಟಿಗೂ ಅಕ್ಕನೇ ಹೋದಳು. ಶನಿವಾರಸಂತೆಯ ಯಾರ್ಡಿನಲ್ಲಿ ಹಸಿಮೆಣಸಿನಕಾಯಿ ಮಾರುವವರಲ್ಲಿ ಹೆಂಗಸರು ಕಮ್ಮಿ. ಮೊದಲ ಸಲ ರೇಟು ಕೇಳಿ, ಮಾತಾಡದೆ ಒಪ್ಪಿಕೊಂಡಳು. ಎರಡನೇ ಸಲ ಪಕ್ಕದವರ ಮೂಟೆ ಎಷ್ಟಕ್ಕೆ ಹೋಯಿತು ಅಂತ ನೋಡಿಕೊಂಡು ನಿಂತಳು. ಕಾಯಿ ಚೆನ್ನಾಗಿದ್ದದ್ದರಿಂದ ಬೇಡಿಕೆ ಇತ್ತು. ಬೆಳಗಿನ ಇಬ್ಬನಿ ಆರಿದ ಮೇಲೆ ತೊಟ್ಟಿನ ಸಮೇತ ಕೊಯ್ದು, ರಾತ್ರಿ ನೆರಳಲ್ಲಿ ತೆಳ್ಳಗೆ ಹರಡಿ, ಅತ್ತೆ ಆರಿಸಿದ ಕಾಯಿ ಅದು. ಒದ್ದೆ ಕಾಯಿ ತುಂಬಿದ ಮೂಟೆ ಒಳಗೊಳಗೇ ಬಿಸಿಯಾಗಿ ಬೆಳಗಾಗುವುದರೊಳಗೆ ಕೊಳೆಯಲು ಶುರುವಾಗುತ್ತದೆ.

ದುಡ್ಡು

ಇದನ್ನು ಚಿಕ್ಕದಾಗಿ ಹೇಳುತ್ತೇನೆ. ಆಪರೇಷನ್ ಖರ್ಚು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ಹೋಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಅದರಲ್ಲಿ ಸಿಗುತ್ತದೆ. ಆದರೆ ಓಡಾಟ, ಊಟ, ಬಾಡಿಗೆ ಕಾರು, ಕೆಲವು ಔಷಧಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ ಆಗುವ ಅಪಘಾತ ವಿಮೆಯ ಮೇಲೆ ಬಾವನಿಗೆ ಆಸೆ ಇತ್ತು. ಅದು ಸಾವಿಗೆ ಮತ್ತು ಶಾಶ್ವತ ಅಂಗವೈಕಲ್ಯಕ್ಕೆ. ಕೂಡುವ ಮೂಳೆಗೆ ಇಲ್ಲ. ಬೆಳೆ ವಿಮೆಯೂ ಮಳೆ, ಬರಕ್ಕೆ ಇದೆ, ಯಜಮಾನ ಮಲಗಿದ್ದಕ್ಕೆ ಇಲ್ಲ.

ಅದೇ ಹೊತ್ತಿಗೆ ಸೊಸೈಟಿಯ ಬೆಳೆ ಸಾಲ ಕಟ್ಟುವ ದಿನ ಹತ್ತಿರ ಬಂದಿತ್ತು. ಗೊಬ್ಬರದ ಅಂಗಡಿಯ ಬಾಕಿಯೂ ಇತ್ತು. ಅಂಗಡಿಯವರು ಮನೆಗೇ ಬಂದು ಕೇಳಿದರು, ಸೊಸೈಟಿಯವರು ಕೇಳಲಿಲ್ಲ. ಕೇಳಿದವರಿಗೆ ಮೊದಲು ಕೊಡುವುದು ಮನುಷ್ಯರ ಸ್ವಭಾವ. ಅಕ್ಕ ಅಂಗಡಿಯವರ ಹತ್ತಿರ ಸಮಯ ಕೇಳಿ, ಮೊದಲ ಕೊಯ್ಲುಗಳ ದುಡ್ಡಿಗೆ ಒಂದು ಜೊತೆ ಬಳೆ ಅಡವಿಟ್ಟ ದುಡ್ಡು ಸೇರಿಸಿ ಸೊಸೈಟಿಗೆ ಕಟ್ಟಿದಳು. ರಾಜ್ಯದಲ್ಲಿ 2023ರಿಂದ 5 ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ತಪ್ಪಿದರೆ ಆ ಅನುಕೂಲ ಹೋಗುತ್ತದೆ, ಮುಂದಿನ ಸಾಲಕ್ಕೂ ತೊಡಕು. ಕಟ್ಟಿದ್ದರಿಂದ ಹೊಸ ಸಾಲ ಸಿಕ್ಕಿತು, ಬಳೆಯೂ ಬಿಡಿಸಿಕೊಂಡಳು.

ಎರಡನೇ ಪೆಟ್ಟು

ಏಪ್ರಿಲ್ ಕೊನೆಯಲ್ಲಿ ಬಾವನನ್ನು ಮನೆಗೆ ಕರೆತಂದರು. ಕೆಲವೇ ದಿನಕ್ಕೆ ಅತ್ತೆ ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ.

ಮೂರನೇ ಕೊಯ್ಲು ಆ ವಾರವೇ ಆಗಬೇಕಿತ್ತು. ಊರಿನವರು ನಾವು ಕೊಯ್ದು ಕೊಡುತ್ತೇವೆ ಅಂದರು. ಅಕ್ಕ ಬೇಡ ಅಂದಳು. ಸೂತಕದ ಮನೆ, ಬಂದು ಹೋಗುವ ನೆಂಟರು, ಹನ್ನೊಂದನೇ ದಿನದ ತಿಥಿ, ಏಳಲಾಗದ ಗಂಡ. ಕೊಯ್ದ ಕಾಯಿಯನ್ನು ಹರಡಲು, ಆರಿಸಲು, ಸಾಗಿಸಲು ಮನೆಯಲ್ಲಿ ಕೈ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅತ್ತೆಗಾಗಿ ಅಳಲು ಅವಳಿಗೆ ಸಮಯ ಬೇಕಿತ್ತು. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವರು ಅವರಿಬ್ಬರು. ಒಂದು ಕೊಯ್ಲು ಪೂರ್ತಿ ಹೋಯಿತು. ಅದು ನಷ್ಟವೇ. ಆ ನಷ್ಟ ಮಾಡಿಕೊಂಡದ್ದು ಸರಿ ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ತಿಥಿ ಮುಗಿದು ಗದ್ದೆಗೆ ಇಳಿದಾಗ ಮೂರೂ ಕಡೆ ಗಿಡ ಕೆಂಪಾಗಿತ್ತು. ಮೇ ತಿಂಗಳ ಸಂಜೆ ಗುಡುಗು ಮಳೆ ಶುರುವಾಗಿತ್ತು, ಅಂಗಳದಲ್ಲಿ ಒಣಗಿಸುವ ಹಾಗಿರಲಿಲ್ಲ. ಒಂದಿಷ್ಟನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು, ಮನೆ ಖರ್ಚಿಗೆ ಆಯಿತು. ಹೈಬ್ರಿಡ್ ಆದ್ದರಿಂದ ಬೀಜಕ್ಕೆ ಇಡುವಂತಿರಲಿಲ್ಲ.

ಈಗ ಎರಡು ದಾರಿ. ಹಣ್ಣೆಲ್ಲ ಕಿತ್ತು, ಗೊಬ್ಬರ ಕೊಟ್ಟು, ಗಿಡ ಮತ್ತೆ ಹೂ ಬಿಡುವಂತೆ ಮಾಡುವುದು. ಇಲ್ಲವೇ ಗಿಡ ಕಿತ್ತು ಭತ್ತಕ್ಕೆ ಗದ್ದೆ ಸಿದ್ಧ ಮಾಡುವುದು. ಮೂರೂ ಗದ್ದೆ ಉಳಿಸಬೇಕು ಅಂತ ಬಾವನ ಹಟ. ಹೂವಿನಿಂದ ಕೊಯ್ಯುವ ಕಾಯಿ ಆಗಲು ಹತ್ತಿರ ಹತ್ತಿರ ಒಂದು ತಿಂಗಳು ಬೇಕು. ಜೂನ್ ಮೊದಲ ವಾರಗಳಲ್ಲಿ ಮುಂಗಾರು. ಮಳೆ ಹಿಡಿದರೆ ಕಾಯಿಕೊಳೆ ಬರುತ್ತದೆ, ಗದ್ದೆಯಲ್ಲಿ ನೀರು ನಿಲ್ಲುತ್ತದೆ. ಸಿಗುವುದು ಹೆಚ್ಚೆಂದರೆ ಒಂದೋ ಎರಡೋ ಸಣ್ಣ ಕೊಯ್ಲು. ಮನೆ ಹತ್ತಿರದ ಗದ್ದೆಯಲ್ಲಿ ಮಾತ್ರ ಗಿಡ ಉಳಿಸಿ, ಉಳಿದೆರಡನ್ನು ಉಳುಮೆ ಮಾಡಿಸಿದಳು ಅಕ್ಕ. ಬಾವ ಎರಡು ದಿನ ಮಾತು ಬಿಟ್ಟರು. ತಾನು ನೆಟ್ಟ ಗಿಡವನ್ನು ಟ್ರ್ಯಾಕ್ಟರ್ ಮಣ್ಣಿಗೆ ಸೇರಿಸುವ ಸದ್ದನ್ನು ಮಂಚದ ಮೇಲೆ ಮಲಗಿ ಕೇಳುವುದು ಸುಲಭ ಅಲ್ಲ.

ಕಾಯುತ್ತದೆ ಅಂತ ಬಿಟ್ಟ ಗೆಣಸೂ ಪೂರ್ತಿ ಕಾಯಲಿಲ್ಲ. ಕಾಡುಹಂದಿಗಳು ಎರಡು ರಾತ್ರಿಯಲ್ಲಿ ಅರ್ಧ ಅಗೆದವು. ಉಳಿದದ್ದರಲ್ಲಿ ಒಂದಿಷ್ಟು ಮೂತಿಹುಳ ತಿಂದಿತ್ತು. ಬೇಸಿಗೆಗೆ ಮಣ್ಣು ಬಿರುಕು ಬಿಟ್ಟರೆ ಆ ಹುಳ ಗೆಡ್ಡೆಯವರೆಗೂ ಇಳಿಯುತ್ತದೆ. ಬೆಳೆ ಕಾಯುವುದಕ್ಕೂ ಒಂದು ಬೆಲೆ ಇದೆ. ಕಾಡಂಚಿನ ಗದ್ದೆಯಲ್ಲಿ ಆ ಬೆಲೆ ಜಾಸ್ತಿ.

ಶುಂಠಿ

ಶುಂಠಿಯ ತೀರ್ಮಾನವೇ ಎಲ್ಲಕ್ಕಿಂತ ಕಷ್ಟದ್ದು. ಬಿತ್ತನೆಗೆ ದೊಡ್ಡ ದುಡ್ಡು ಹಾಕಿ ಆಗಿತ್ತು. ನೆಟ್ಟರೆ ಎಂಟು ಹತ್ತು ತಿಂಗಳ ಕೆಲಸ. ಸೊಪ್ಪು ಹೊದಿಸಬೇಕು, ಕಳೆ ತೆಗೆದು ಮಣ್ಣು ಏರಿಸಬೇಕು, ಮಳೆಗಾಲವಿಡೀ ಚರಂಡಿ ಬಿಡಿಸಿ ಕೊಳೆ ರೋಗ ಬರದ ಹಾಗೆ ನೋಡಿಕೊಳ್ಳಬೇಕು. ಇದರಲ್ಲಿ ಹೆಚ್ಚಿನದು ಬಾವನ ಕೆಲಸ. ಅದರ ಮೇಲೆ, 2024ರಲ್ಲಿ ಕೊಡಗಿನ ಶುಂಠಿಯಲ್ಲಿ ಪೈರಿಕ್ಯುಲೇರಿಯಾ ಅನ್ನುವ ಶಿಲೀಂಧ್ರದ ಎಲೆ ರೋಗವನ್ನು ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಗುರುತಿಸಿದ್ದರು. ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿ ಆ ಸಂಸ್ಥೆಯ ಕೇಂದ್ರ ಇದೆ. ಎಲೆ ಹಳದಿಯಾಗಿ ಬೇಗ ಒಣಗುವ ಆ ರೋಗದಿಂದ ಸುತ್ತಲಿನ ಬೆಳೆಗಾರರು ಹೆದರಿದ್ದರು. ದಿನಾ ಗದ್ದೆ ಸುತ್ತುವ ಕಣ್ಣು ಇಲ್ಲದ ಮನೆಗೆ ಈ ಬೆಳೆ ಬೇಡ ಅಂತ ಅಕ್ಕನಿಗೆ ಅನ್ನಿಸಿತು. ಈ ಸಲ ಬಾವನೂ ಒಪ್ಪಿದರು. ಕೊಂಡ ಬೆಲೆಗಿಂತ ಸ್ವಲ್ಪ ಕಮ್ಮಿಗೆ ಬಿತ್ತನೆ ಶುಂಠಿ ಮಾರಿದರು. ಸಿದ್ಧವಾಗಿದ್ದ ಮಡಿಗೆ ಮಳೆ ಬಿದ್ದ ಮೇಲೆ ಮನೆಗೆ ಬೇಕಾದಷ್ಟು ಸುವರ್ಣಗೆಡ್ಡೆ, ಅರಿಶಿನ ಹಾಕಿದರು. ಅವು ಹೆಚ್ಚು ಕೇಳುವುದಿಲ್ಲ.

ಮನೆ ಹತ್ತಿರದ ಗದ್ದೆ ಜೂನ್‌ನಲ್ಲಿ ಒಂದು ಕೊಯ್ಲು ಕೊಟ್ಟಿತು. ರೇಟು ಚೆನ್ನಾಗಿತ್ತು. ಆದರೆ ಆರಿಸುವವರಿಲ್ಲದೆ ಕಾಯಿ ಮಿಶ್ರವಾಗಿ ಹೋಗಿ ವ್ಯಾಪಾರಿ ಬೆಲೆ ಇಳಿಸಿದರು. ಈಗ ಆರಿಸುವುದಕ್ಕೆ ಕೂಲಿ ಕೊಟ್ಟು ಒಬ್ಬರನ್ನು ಕರೆಯುತ್ತಾರೆ, ಆ ಖರ್ಚು ಲೆಕ್ಕದ ಪುಸ್ತಕದಲ್ಲಿ ಬೇರೆಯಾಗಿ ಬರುತ್ತದೆ.

ಬಾವ ಈಗ ಕೋಲು ಹಿಡಿದು ಗದ್ದೆಯ ಬದುವಿನವರೆಗೂ ಹೋಗುತ್ತಾರೆ. ಮುಂದಿನ ಬೇಸಿಗೆಗೆ ಮೆಣಸಿನಕಾಯಿ ಎರಡೇ ಗದ್ದೆಯಲ್ಲಿ ಅಂತ ಮಾತಾಗಿದೆ. ಕಾಡಂಚಿನದರಲ್ಲಿ ಏನೂ ಹಾಕುವುದಿಲ್ಲ. ಸೊಸೈಟಿಯ ಪುಸ್ತಕದಲ್ಲಿ ಅಕ್ಕನ ಹೆಸರೂ ಸೇರಿಸಲು ಅರ್ಜಿ ಕೊಟ್ಟಿದ್ದಾರೆ. ಬೀನ್ಸು ಮತ್ತೆ ಪಾಲಿಗೇ, ಅದೇ ಗಂಡ ಹೆಂಡತಿಗೆ. ಈ ಸಲ ಬೀಜ, ಗೊಬ್ಬರದ ಖರ್ಚೂ ಅರ್ಧರ್ಧ. ಆ ಮಾತುಕತೆಗೆ ಕೂತವರು ಬಾವ.